ಮರೆತ ಅರ್ಧ ಕಾಳು

ನಿನ್ನೆ ಕಾಲೇಜಿನ ಬಾಗಿಲಲ್ಲಿ ಕಾಲೊರೆಸಲು ಹಾಸಿದ್ದ ಗೋಣಿಚೀಲ ಮಳೆಗೆ ನೆನೆದಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಅಜ್ಜಂಪುರದ ಬೀಜದಂಗಡಿಯ ಯಜಮಾನರು ನೆನಪಾದರು. ಪಾಠ ಮಾಡುವ ಮನಸ್ಸೇ ಹೋಯಿತು.

ಬಿತ್ತನೆಗೆ ಮುಂಚೆ ಅವರದೊಂದು ಪದ್ಧತಿ. ನೂರು ಮೆಕ್ಕೆಜೋಳದ ಕಾಳನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟು, ಐದನೇ ದಿನ ಅಂಗಡಿ ಜಗಲಿಯ ಮೇಲೆ ಎಲ್ಲರೆದುರೇ ಬಿಚ್ಚಿ ಮೊಳಕೆ ಎಣಿಸುತ್ತಿದ್ದರು. "ನೂರಕ್ಕೆ ತೊಂಬತ್ತು ಹುಟ್ತವೆ ಕಣ್ರೀ, ನನ್ ಮಾತು" ಎನ್ನುತ್ತಿದ್ದರು. ಆ ಮಾತಿನ ಮೇಲೆಯೇ ಅಂಗಡಿ ನಿಂತಿತ್ತು.

ಒಂದು ವರ್ಷ ಹುಟ್ಟಿದ್ದು ಎಂಬತ್ತೈದೇ. ನಾನಾಗ ತರೀಕೆರೆ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಲು ಸೇರಿದ್ದ ಹೊಸತು, ಕಲಿತ ಗತ್ತು ತಲೆಗೇರಿತ್ತು; ಅಂದು ನಾನೂ ಆ ಜಗಲಿಯ ಮೇಲಿದ್ದೆ.

"ಮೇಷ್ಟ್ರೇ, ಐದು ಸುಮ್ನೆ ಕಮ್ಮಿ ಆಯ್ತಾ, ಬೀಜಾನೇ ಕೆಟ್ಟೈತಾ? ನೀವೇ ಹೇಳಿ" ಎಂದರು ರೈತರು. ಯಜಮಾನರೂ ತಲೆಯಾಡಿಸಿದರು.

ಒಂದೊಂದೇ ಕಾಳಿನ ಸಂಭವ ಕೂಡುತ್ತಾ ಕೂತರೆ ಹೊತ್ತು ಮುಳುಗುತ್ತದೆ. ಹಾಗಾಗಿ ಗಂಟೆಯಾಕಾರದ ನಾರ್ಮಲ್ ಕರ್ವ್ ಹಿಡಿದೆ. ನೂರು ಕಾಳಿಗೆ ಸಹಜವಾದ ಏರುಪೇರಿನ ಅಳತೆ ಮೂರು ಬಂತು. ಕಮ್ಮಿಯಾದ ಐದನ್ನು ಮೂರರಿಂದ ಭಾಗಿಸಿದರೆ ಒಂದು ಪಾಯಿಂಟ್ ಆರು ಏಳು. ಆಕಸ್ಮಿಕವೆಂದು ಬಿಡಬಹುದಾದ ಗೆರೆ ಒಂದು ಪಾಯಿಂಟ್ ಆರು ನಾಲ್ಕು. ಕೂದಲೆಳೆಯಷ್ಟು ದಾಟಿತ್ತು.

"ಸುಮ್ನೆ ಆಗಿದ್ದಲ್ಲ. ಬೀಜ ಸರಿಯಿಲ್ಲ" ಎಂದುಬಿಟ್ಟೆ.

ಜನ ಬೇರೆ ಬೀಜ ಕೊಳ್ಳಲು ಕಡೂರಿನ ಬಸ್ಸು ಹತ್ತಿದರು. ಯಜಮಾನರು ಗೋಣಿ ಮಡಚಿದರು...

ಮೂರು ವಾರದ ಮೇಲೆ ತರಗತಿಯಲ್ಲಿ ಅದೇ ಪಾಠ. ಕರ್ವ್ ಎಲ್ಲೂ ತುಂಡಾಗದ ಗೆರೆ, ಕಾಳುಗಳೋ ಇಡಿ ಇಡಿ. ಎರಡನ್ನೂ ಹೊಂದಿಸಲು ಎಣಿಕೆಗೆ ಅರ್ಧ ಸೇರಿಸಬೇಕು ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದವನ ಕೈ ಅಲ್ಲೇ ನಿಂತಿತು. ಅಂದು ಅದನ್ನೇ ಮರೆತಿದ್ದೆ. ಎಂಬತ್ತೈದಕ್ಕೆ ಅರ್ಧ ಸೇರಿಸಿದ್ದರೆ ಕೊರತೆ ನಾಲ್ಕೂವರೆ, ಮೂರರಿಂದ ಭಾಗಿಸಿದರೆ ಬರುತ್ತಿದ್ದದ್ದು ಒಂದೂವರೆ, ಗೆರೆಯ ಒಳಗೆ. ಯಜಮಾನರ ಮಾತು ಸುಳ್ಳೆನ್ನಲು ನನಗೆ ಆಧಾರವೇ ಇರಲಿಲ್ಲ.

ಅದೇ ಸಂಜೆ ಅಂಗಡಿಗೆ ಹೋಗಿ ಹೇಳಿದೆ. ಊರಿನಲ್ಲಿ ಬಿತ್ತನೆ ಮುಗಿದಿತ್ತು.

"ಅರ್ಧ ಕಾಳು ಮರೆತ್ರಾ? ಹೋಗ್ಲಿ ಬಿಡ್ರೀ ಮೇಷ್ಟ್ರೇ, ಟೀ ಕುಡೀರಿ" ಎಂದರು. ಬೈದಿದ್ದರೆ ಹಗುರಾಗುತ್ತಿದ್ದೆ. ರೈತರಿಗೂ ಹೇಳಿನೋಡಿದೆ. ಅರ್ಧ ಕಾಳಿನ ಮಾತು ಕೇಳಿ ನಕ್ಕರು. ಮರುವರ್ಷದಿಂದ ಯಜಮಾನರು ಆ ಜಗಲಿಯ ಮೇಲೆ ಗೋಣಿ ಬಿಚ್ಚಲಿಲ್ಲ. ಆಮೇಲೆ ಅಂಗಡಿಯೂ ಹೋಯಿತು, ಅವರೂ ಹೋದರು...

ನಿನ್ನೆ ಹೇಗೋ ಅದೇ ಪಾಠ ಮುಗಿಸುವಾಗ ಹಿಂದಿನ ಬೆಂಚಿನ ಹುಡುಗಿ ಎದ್ದಳು. "ಸಾರ್, ಆ ಅರ್ಧ ಬಿಟ್ರೆ ಏನಾಗುತ್ತೆ?"

ಗೋಣಿಯ ವಾಸನೆ ಇನ್ನೂ ಮೂಗಿನಲ್ಲೇ ಇತ್ತು. ಯಜಮಾನರ ಕಥೆ ಹೇಳಬೇಕೆನಿಸಿತು.

"ಒಂದು ಮಾರ್ಕ್ ಹೋಗುತ್ತೆ ಕಣಮ್ಮಾ" ಎಂದು ಬೋರ್ಡ್ ಒರೆಸಿದೆ.