ಸಾಹೇಬರ ಬೇಸ್‌ಬಾಲ್ ಟೇಪು

ಇದನ್ನು ಹೇಳುವುದನ್ನು ಮೂವತ್ತಕ್ಕೂ ಹೆಚ್ಚು ವರ್ಷ ಮುಂದೂಡಿದ್ದೇನೆ. ಮಗಳ ಓದು ಮುಗಿಯಲಿ, ಮದುವೆ ಆಗಲಿ — ಹೀಗೇ. ಸಾಹೇಬರ ಟೇಪನ್ನು ಅಳಿಸಿದವನು ನಾನು. ಅದನ್ನು ಇನ್ನೊಬ್ಬನ ತಲೆಗೆ ಕಟ್ಟಿದವನೂ ನಾನೇ.

ಆಗ ನಾನು ಸೌದಿಯ ಅಲ್‌ಖೋಬರ್‌ನ ಒಂದು ಕಂಪನಿಯಲ್ಲಿ ಟೈಪಿಸ್ಟ್. ನಮ್ಮ ಮ್ಯಾನೇಜರ್ ಸಾಹೇಬರು ಅಮೆರಿಕದವರು. ಅವರ ಮನೆಯಲ್ಲಿ ಒಂದು ಹಳೆಯ ಬೇಸ್‌ಬಾಲ್ ಪಂದ್ಯದ ವಿಡಿಯೊ ಟೇಪು ಇತ್ತು. ಆಟ ನನಗೆ ತಿಳಿಯುತ್ತಿರಲಿಲ್ಲ. ಆದರೆ ಒಂದು ಕಡೆ ಚೆಂಡು ಹಾರಿ ಜನರ ನಡುವೆ ಬೀಳುತ್ತದೆ. ಬಿಳಿ ಟೋಪಿಯ ಮುದುಕರೊಬ್ಬರು ಅದನ್ನು ಬರಿಗೈಯಲ್ಲಿ ಹಿಡಿದು ನಗುತ್ತಾರೆ. ಸಾಹೇಬರು ಅಲ್ಲಿ ಟೇಪು ನಿಲ್ಲಿಸಿ, "ನನ್ನ ತಂದೆ" ಎನ್ನುತ್ತಿದ್ದರು. ಆ ತಂದೆ ತೀರಿಹೋಗಿದ್ದರು.

ಒಮ್ಮೆ ಸಾಹೇಬರು ಜಿದ್ದಾಕ್ಕೆ ಹೋದಾಗ ಮನೆಯ ಕೀಲಿ ನನ್ನ ಬಳಿಯೂ ಅವರ ಡ್ರೈವರ್ ಬಳಿಯೂ ಇತ್ತು. ಟೀವಿಯಲ್ಲಿ ಭಾರತದ ಕ್ರಿಕೆಟ್, ನನಗೆ ಆಫೀಸು. ರೆಕಾರ್ಡ್ ಮಾಡಲು ಖಾಲಿ ಟೇಪಿಲ್ಲ. ಬೇಸ್‌ಬಾಲ್ ಟೇಪು ಅಳಿಯದಿರಲೆಂದು ಸಾಹೇಬರು ಅದರ ಅಂಚಿನ ಪುಟ್ಟ ಪ್ಲಾಸ್ಟಿಕ್ ಚೂರನ್ನು ಮುರಿದಿಟ್ಟಿದ್ದರು. ಆ ಕಿಂಡಿಗೆ ಸೆಲ್ಲೋಟೇಪ್ ಅಂಟಿಸಿದರೆ ಮತ್ತೆ ರೆಕಾರ್ಡ್ ಆಗುತ್ತದೆಂದು ನನಗೆ ಗೊತ್ತಿತ್ತು. ತಿಳಿಯದೆ ಆಯಿತು ಎನ್ನಲು — ಇಲ್ಲ, ನಾನೇ ಅಂಟಿಸಿದೆ. ಕೊನೆಯಲ್ಲಿ ಖಾಲಿ ಜಾಗ ಇದ್ದೀತು ಎಂದುಕೊಂಡೆ. ಓಡಿಸಿ ನೋಡುವ ತಾಳ್ಮೆ ಇರಲಿಲ್ಲ; ನಿಂತಿದ್ದಲ್ಲಿಂದಲೇ ರೆಕಾರ್ಡ್ ಒತ್ತಿ ಆಫೀಸಿಗೆ ಹೋದೆ.

ಸಾಹೇಬರು ಬಂದು ಟೇಪು ಹಾಕಿದರು. ತಂದೆ ಇರಬೇಕಾದಲ್ಲಿ ಕ್ರಿಕೆಟ್. ಅವರು ಕೂಗಾಡಲಿಲ್ಲ, ಯಾರು ಎಂದಷ್ಟೇ ಕೇಳಿದರು. ನನ್ನ ಹೆಂಡತಿ ಮತ್ತು ಎರಡು ವರ್ಷದ ಮಗಳ ವೀಸಾದ ಪತ್ರ ಆ ವಾರ ಅವರ ಸಹಿಗೆ ಕಾದಿತ್ತು.

"ಡ್ರೈವರ್ ಟೀವಿ ಮುಂದೆ ಕೂತಿದ್ದ, ಸರ್."

ಕೂತಿದ್ದ, ನಿಜ — ಸುದ್ದಿ ನೋಡಲು, ಮ್ಯಾಚಿನ ಹಿಂದಿನ ದಿನ. ಬಾಗಿಲ ಬಳಿ ನಿಂತಿದ್ದ ಅವನು ನನ್ನನ್ನೊಮ್ಮೆ ನೋಡಿದ. ಅಲ್ಲ ಎನ್ನಲಿಲ್ಲ.

ಅವನನ್ನು ದೂರದ ನಜ್ರಾನ್‌ನ ಸೈಟಿಗೆ ಕಳಿಸಿದರು. ನಮ್ಮ ಪಕ್ಕದ ಥುಕ್ಬಾದಲ್ಲಿ ಅವನ ತಮ್ಮನಿದ್ದ. ಶುಕ್ರವಾರದ ಊಟ ಇಬ್ಬರಿಗೂ ಒಂದೇ ತಟ್ಟೆಯಲ್ಲಿ. ಅದು ನನ್ನಿಂದ ತಪ್ಪಿತು. ಹೊರಡುವ ದಿನ ಅವನು ನನ್ನ ಟೇಬಲಿಗೆ ಬಂದ.

"ಎಂತ ಮಾರಾಯ, ಮ್ಯಾಚ್ ಆದ್ರೂ ಗೆದ್ದದ್ದಾ?"

ಅವನು ಅಂಗೈ ಬಿಡಿಸಿದ. ಒಂದು ಚೂರು ಸೆಲ್ಲೋಟೇಪ್.

"ಟೇಪು ಶೆಲ್ಫಿಗೆ ಇಡುವಾಗ ಕಂಡಿತು. ಇದು ಆಫೀಸಿನಲ್ಲಿ ನಿನ್ನ ಹತ್ರ ಮಾತ್ರ ಉಂಟಲ್ಲ, ಸಾಹೇಬರು ಕಾಣುವ ಮೊದಲೇ ಕಿತ್ತು ಇಟ್ಕೊಂಡೆ. ಪತ್ರಕ್ಕೆ ಸಹಿ ಆಯ್ತಾ?"

ತಲೆಯಾಡಿಸಿದೆ.

"ಹಾಗಾದ್ರೆ ಬೇಗ ಮಗುವನ್ನು ಕರ್ಕೊಂಡು ಬಾ. ನನಗೆಂತ, ಸ್ಟೇರಿಂಗ್ ಅಲ್ಲಿಯೂ ರೌಂಡೇ."

ನಕ್ಕು ಹೋದ. ನಾನು ಕುರ್ಚಿಯಿಂದ ಏಳಲೂ ಇಲ್ಲ.

ಹೆಂಡತಿ, ಮಗು ಬಂದರು. ಮಗಳು ನನ್ನ ತಟ್ಟೆಯಿಂದಲೇ ಅನ್ನ ತಿಂದು ಬೆಳೆದಳು. ಈಗ ಇಲ್ಲೇ ಅಲ್‌ಖೋಬರ್‌ನಲ್ಲಿ ಟೀಚರ್, ನಾನು ಅವಳ ಮನೆಯಲ್ಲಿದ್ದೇನೆ. ಪ್ರತಿ ಊಟದಲ್ಲೂ ಅವನನ್ನು ನೆನೆದಿದ್ದೇನೆ, ಉಪಕಾರವಾಯಿತು ಎಂದು ಮನಸ್ಸಿನಲ್ಲೇ ಹೇಳಿದ್ದೇನೆ. ತಪ್ಪಾಯಿತು ಎಂದು ಮಾತ್ರ — ಒಮ್ಮೆಯೂ ಇಲ್ಲ. ಅವನು ನಜ್ರಾನ್‌ನಿಂದ ಯಾವಾಗ ಊರಿಗೆ ಹೋದ, ಈಗ ಇದ್ದಾನೋ — ವಿಚಾರಿಸಲಿಲ್ಲ. ಅದೂ ತಪ್ಪೇ.

ಮೊನ್ನೆ ಟೀವಿಯಲ್ಲಿ ಹಳೆಯ ಬೇಸ್‌ಬಾಲ್ ಪಂದ್ಯವೊಂದು ಬರುತ್ತಿತ್ತು. ಜನರ ನಡುವೆ ನಾನು ಬಿಳಿ ಟೋಪಿ ಹುಡುಕುತ್ತಿದ್ದೆ.

"ಯಾರನ್ನಪ್ಪ ಹುಡುಕ್ತಾ ಇದ್ದೀರಿ?" ಎಂದಳು ಮಗಳು.

ಎಲ್ಲವನ್ನೂ ಹೇಳಿದೆ. ಅವಳು ಟೀವಿ ಆರಿಸಿ, ಆ ಡ್ರೈವರ್ ಅವರ ಹೆಸರೇನು ಎಂದು ಕೇಳಿದಳು. ಈ ಮನೆಯಲ್ಲಿ ನಾನು ಎಂದೂ ಎತ್ತದ ಹೆಸರು.

ಹಸನಬ್ಬ. ಉಪ್ಪಿನಂಗಡಿಯ ಹಸನಬ್ಬ.