ತಪ್ಪನ್ನೂ ಮೈಕಿನಲ್ಲೇ ಹೇಳಿದವರು

ಏಪ್ರಿಲ್ ತಿಂಗಳ ಉರಿಬಿಸಿಲಿನಲ್ಲೂ ಅವರ ಕೊರಳಿಗೆ ಬೂದುಬಣ್ಣದ ಉಣ್ಣೆಯ ಮಫ್ಲರ್ ಇರುತ್ತಿತ್ತು. ಎಡಗೆನ್ನೆಯೊಳಗೆ ಸದಾ ಒಂದು ಲವಂಗ. ಮೈಕಿನ ಬಾಯಿಗೆ ಬಿಳಿ ಕರವಸ್ತ್ರ ಕಟ್ಟಿ, ಅಂಗೈಯಿಂದ ಒಂದು ಕಿವಿ ಮುಚ್ಚಿಕೊಂಡು, ಆಟೋದ ಹಿಂದಿನ ಸೀಟಿನಲ್ಲಿ ನೆಟ್ಟಗೆ ಕೂತು ಅವರು ಶುರುಮಾಡಿದರೆಂದರೆ ಶಿರಸಿಯ ಐದು ರಸ್ತೆಯಲ್ಲಿ ಆಡಿದ ಮಾತು ದೇವಿಕೆರೆಯ ದಂಡೆಯವರೆಗೂ ಕೇಳಿಸುತ್ತಿತ್ತು. ಕೂಗುತ್ತಿರಲಿಲ್ಲ. ಪಕ್ಕದ ಮನೆಯವರಿಗೆ ಏನೋ ತಿಳಿಸುವಂತೆ ಒಂದೇ ಹದದಲ್ಲಿ ಹೇಳುತ್ತಿದ್ದರು.

ಊರು ಅವರನ್ನು ಮೈಕಣ್ಣ ಎನ್ನುತ್ತಿತ್ತು. ದಾಸನಕೊಪ್ಪದ ಕಡೆಯ ಒಕ್ಕಲು ಮನೆತನದವರು, ಆ ಕಡೆಯ ಮಾತನ್ನು ಶಿರಸಿಗೆ ಬಂದ ಮೇಲೂ ಬಿಟ್ಟಿರಲಿಲ್ಲ. ಮೈಕಿನ ಮುಂದೆ ಮಾತ್ರ ಪುಸ್ತಕದ ಕನ್ನಡ. ಸೀರೆಯ ರಿಯಾಯಿತಿ ಮಾರಾಟ, ಹೊಸ ಅಂಗಡಿಯ ಪ್ರಾರಂಭೋತ್ಸವ, ಊರಿಗೆ ಬಂದ ಸರ್ಕಸ್ಸು, ಎಲ್ಲದರ ಪ್ರಚಾರವೂ ಅವರದೇ. ಶಿರಸಿಯಲ್ಲೂ ಸುತ್ತಲಿನ ಪೇಟೆಗಳಲ್ಲೂ ನಾಳೆ ನಲ್ಲಿಯಲ್ಲಿ ನೀರು ಬರುವುದಿಲ್ಲ ಎಂದು ಸಾರುವವರೂ ಅವರೇ. ಕಳೆದುಹೋದ ಹಸು, ತಪ್ಪಿಸಿಕೊಂಡ ಮಗು, ತೀರಿಕೊಂಡ ಹಿರಿಯರು, ಇವುಗಳಿಗೆ ಅವರು ದುಡ್ಡು ಮುಟ್ಟುತ್ತಿರಲಿಲ್ಲ. ಸೀರೆಗೂ ಸಾವಿಗೂ ದನಿ ಒಂದೇ. ಹೀಗಾಗಿ ಜನ ಬಾಗಿಲಿಗೆ ಬಂದು ಪೂರ್ತಿ ಕೇಳಿಯೇ ಒಳಗೆ ಹೋಗುತ್ತಿದ್ದರು.

ತೊಂಬತ್ತರ ದಶಕದ ನಡುವಿನಲ್ಲಿ ನಾನು ಶಿರಸಿಯ ಬಿಡಕಿಬೈಲಿನ ಹತ್ತಿರದ ಒಂದು ಮುದ್ರಣಾಲಯಕ್ಕೆ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ ಕೆಲಸಕ್ಕೆ ಸೇರಿದೆ. ಅಂಗಡಿಗಳ ಹ್ಯಾಂಡ್‌ಬಿಲ್ಲು ಬರೆಯುವುದೂ ನನ್ನ ಪಾಲಿಗೆ ಬಂತು. ಮೈಕಣ್ಣ ಕಾಗದವಿಲ್ಲದೆ ಬಾಯಿ ತೆರೆಯುತ್ತಿರಲಿಲ್ಲ. ನಾನು ಬರೆದದ್ದರ ಒಂದು ಪ್ರತಿ ಅವರಿಗೆ ಹೋಗುತ್ತಿತ್ತು. ಮೊದಲ ಸಲವೇ ಕೆಂಪು ಪೆನ್ನು ತೆಗೆದು ಎದುರು ಕೂತರು.

“ತಂಗಿ, ಈ ‘ಅದ್ಭುತ’ ತಗಿ.”

“ಯಾಕೆ ಮೈಕಣ್ಣ? ಎಲ್ಲರೂ ಹಾಕ್ತಾರಲ್ಲ.”

“ಅದ್ಭುತ ಅಂದ್ರ ಯಾರೂ ಕಂಡಿರಬಾರದು. ಸೀರಿ ಎಲ್ಲಾರೂ ನೋಡ್ಯಾರ. ಬಣ್ಣ ಯಾವುದು, ದರ ಎಷ್ಟು, ಅಂಗಡಿ ಎಲ್ಲೈತಿ, ಅಷ್ಟು ಬರಿ. ಉಳಿದದ್ದು ಅವರು ಮುಟ್ಟಿ ನೋಡ್ತಾರ.”

ಆಗ ನನಗೆ ಸಿಟ್ಟು ಬಂದಿತ್ತು. ಡಿಗ್ರಿ ಮುಗಿಸಿ ಬಂದವಳಿಗೆ ವಿಶೇಷಣಗಳೇ ಆಸ್ತಿ.

ಅವರದು ಇನ್ನೊಂದು ಪದ್ಧತಿ ಇತ್ತು. ಹೊಸ ಸಾಮಾನು ಬಂದರೆ ತಾವು ಬಳಸಿ ನೋಡಿದ ಮೇಲೆಯೇ ಪ್ರಚಾರ. ಉಪ್ಪಿನಕಾಯಿ, ಹಲ್ಲುಪುಡಿ, ಸೊಳ್ಳೆಬತ್ತಿ ಎಲ್ಲವೂ ಮೊದಲು ಅವರ ಮನೆಗೆ ಹೋಗುತ್ತಿದ್ದವು. ಒಮ್ಮೆ ಯಾವುದೋ ಬಟ್ಟೆಪುಡಿಯವರು ಬಂದಿದ್ದರು. ಪುಡಿಯಲ್ಲಿ ನೆನೆಸಿದ ಅಂಗಿಯನ್ನೇ ಮೈಕಣ್ಣ ಮುದ್ರಣಾಲಯಕ್ಕೆ ತಂದು, ಅದರ ಹಿಂದುಮುಂದು ನಮಗೆಲ್ಲ ತೋರಿಸಿ, ಪ್ರಚಾರ ಮಾಡುವುದಿಲ್ಲವೆಂದರು. ಅವರ ಹೆಂಡತಿಯನ್ನು ನಾವು ಅಕ್ಕ ಎನ್ನುತ್ತಿದ್ದೆವು. “ಊರಿಗೆಲ್ಲಾ ಒಳ್ಳೇದಾತು. ನಮ್ಮನ್ಯಾಗ ಮಾತ್ರ ಒಂದು ಅಂಗೀಗೂ ಬಣ್ಣ ಉಳದಿಲ್ಲ ನೋಡ್ರಿ” ಎಂದು ಅಕ್ಕ ನಗಾಡುತ್ತಿದ್ದರು. ಅವರ ನಗುವನ್ನು ಇಲ್ಲಿ ಬರೆದಿಡಬೇಕು, ಏಕೆಂದರೆ ಆಮೇಲೆ ಬಹಳ ಕಾಲ ನಾನು ಅದನ್ನು ಕೇಳಲಿಲ್ಲ.

ಎರಡು ಸಾವಿರದ ಆಚೀಚೆ ನಮ್ಮ ಕಡೆ ಚೈನ್ ವ್ಯಾಪಾರದ ಹಾವಳಿ ಶುರುವಾಯಿತು. ಸಾಮಾನು ಕೊಂಡವನೇ ಮೆಂಬರ್ ಆಗಬೇಕು, ಅವನು ತನ್ನ ನೆಂಟರಿಷ್ಟರನ್ನು ಮೆಂಬರ್ ಮಾಡಬೇಕು, ಅವರು ಅವರ ನೆಂಟರನ್ನು. ಮನೆಗೆ ಬಂದ ನೆಂಟರಿಗೆ ಇಲ್ಲವೆನ್ನಲಾಗದ ಊರು ನಮ್ಮದು. ಷಡ್ಡಕ ಹೊತ್ತು ತಂದ ಡಬ್ಬಿಯನ್ನು ಬೇಡ ಎಂದರೆ ಮುಂದಿನ ಮುಂಜಿಯ ಮನೆಯಲ್ಲಿ ಮುಖ ತಿರುಗಿಸುತ್ತಾರೆ. ಆ ಕಂಪನಿಗಳನ್ನು ನಡೆಸುವವರು ನಮ್ಮ ಈ ದಾಕ್ಷಿಣ್ಯವನ್ನು ನಮಗಿಂತ ಚೆನ್ನಾಗಿ ಓದಿಕೊಂಡಿದ್ದರು.

ಹಾಗೆ ಬಂದವರಲ್ಲಿ, ಮಲಗಿದರೆ ಮೈಕೈ ನೋವು ಹೋಗುತ್ತದೆ ಎನ್ನುವ ಆಯಸ್ಕಾಂತದ ಹಾಸಿಗೆಯವರು ಒಬ್ಬರು. ಹುಬ್ಬಳ್ಳಿಯಿಂದ ಟೈ ಕಟ್ಟಿಕೊಂಡು ಬಂದ ಯುವಕ ನಮ್ಮ ಮುದ್ರಣಾಲಯದಲ್ಲಿ ಕೂತು, ಹ್ಯಾಂಡ್‌ಬಿಲ್ಲು ಹೇಗಿದ್ದರೂ ನಡೆಯುತ್ತದೆ, ದನಿ ಮಾತ್ರ ಮೈಕಣ್ಣನದೇ ಆಗಬೇಕು ಎಂದ. ನೀರು ಬರುವುದಿಲ್ಲ ಎಂದು ಹೇಳುವ ದನಿಯೇ ಅವನಿಗೆ ಬೇಕಿತ್ತು. ಬುದ್ಧಿವಂತ. ಮೈಕಣ್ಣ ಪದ್ಧತಿಯಂತೆ ಬಳಸಿ ನೋಡಬೇಕೆಂದರು. ಅವನಿಗೂ ಅದೇ ಬೇಕಾಗಿತ್ತು. ಲಾಡ್ಜಿನ ಹಾಲ್‌ನಲ್ಲಿ ಹಾಸಿಗೆ ಹಾಸಿ, ಫ್ಯಾನು ತಿರುಗಿಸಿ, ಅವರನ್ನು ಮಧ್ಯಾಹ್ನವೆಲ್ಲ ಮಲಗಿಸಿದ.

ವರ್ಷಗಟ್ಟಲೆ ಆಟೋದಲ್ಲಿ ಕುಲುಕಾಡಿ ಮೈಕಣ್ಣನ ಮೊಣಕಾಲು ಹಾಳಾಗಿತ್ತು. ಹಗಲು ಕಾಲು ಚಾಚಿ ಮಲಗಿದ್ದು ಅವರ ಜೀವಮಾನದಲ್ಲಿ ಅದೇ ಮೊದಲಿರಬೇಕು. ಎದ್ದಾಗ ನೋವಿರಲಿಲ್ಲ. ಮರುದಿನವೂ ಕಡಿಮೆಯೇ ಇತ್ತು. ಅವರು ಸಂತೋಷದಿಂದ ನಮ್ಮೆದುರು ಮೆಟ್ಟಿಲು ಹತ್ತಿ ಇಳಿದು ತೋರಿಸಿದರು. ಆ ವಾರ ಶಿರಸಿ, ಸಿದ್ದಾಪುರ, ಮಂಚಿಕೇರಿ, ಯಲ್ಲಾಪುರದ ಬೀದಿಗಳಲ್ಲಿ, ಕಾಗದದಲ್ಲಿಲ್ಲದ ಒಂದು ಮಾತನ್ನು ತಾವಾಗಿ ಸೇರಿಸಿ ಹೇಳಿದರು: “ನಾನೇ ಮಲಗಿ ನೋಡಿದ್ದೇನೆ. ನನ್ನ ಕಾಲುನೋವು ಕಡಿಮೆಯಾಗಿದೆ.”

ಸುಳ್ಳು ಒಂದಕ್ಷರವೂ ಇರಲಿಲ್ಲ. ಹಾಸಿಗೆ ಅದರಿಂದಲೇ ಖರ್ಚಾಯಿತು.

ಸಿದ್ದಾಪುರದಲ್ಲಿದ್ದ ನನ್ನ ಅತ್ತೆ, ಅಂದರೆ ಅಪ್ಪನ ಅಕ್ಕ, ಹಳೆಯ ಸಕ್ಕರೆ ಕಾಯಿಲೆಯವಳು. ಆಟೋ ಮನೆಯ ಮುಂದೆ ಹಾದುಹೋದದ್ದೇ ತಡ, ಹಾಸಿಗೆ ತೋರಿಸುವ ಸಭೆಗೆ ಹೋಗಿ ಬಂದಳು. ಟೈ ಕಟ್ಟಿದ ಯುವಕ ಆ ಸಭೆಯಲ್ಲಿ, ರಕ್ತ ತಾನಾಗಿ ಶುದ್ಧವಾಗುತ್ತದೆ, ಮಾತ್ರೆಯನ್ನು ನಿಧಾನಕ್ಕೆ ಬಿಡಬಹುದು ಎಂದನಂತೆ. ಅತ್ತೆ ನಿಧಾನ ಮಾಡಲಿಲ್ಲ, ಒಮ್ಮೆಲೇ ಬಿಟ್ಟಳು. ಕಾಲಿಗಾದ ಸಣ್ಣ ಗಾಯ ಒಣಗದೆ ಕೀವಾಗಿ, ಕೊನೆಗೆ ಶಿರಸಿಯ ಆಸ್ಪತ್ರೆಯಲ್ಲಿ ಹೆಬ್ಬೆರಳು ತೆಗೆಯಬೇಕಾಯಿತು. ಯಾಕೆ ಹೀಗೆ ಮಾಡಿದೆ ಎಂದು ನಾನು ರೇಗಿದಾಗ ಅವಳು ಹೇಳಿದ್ದು ಇಷ್ಟು: “ಮೈಕಣ್ಣ ಹೇಳಿದ್ದಲ್ದನೆ ಕೂಸೆ? ಅಂವ ನೀರು ಬತ್ತಿಲ್ಲೆ ಅಂದ್ರೆ ಬತ್ತಿಲ್ಲೆ. ಹಂಗಾಗಿ ನಂಬಿದಿ.”

ಅಷ್ಟರಲ್ಲಿ ಮೈಕಣ್ಣನ ಮೊಣಕಾಲಿಗೆ ನೋವು ಮರಳಿತ್ತು. ಅತ್ತೆಯ ಸುದ್ದಿ ನನ್ನಿಂದಲೇ ಅವರಿಗೆ ತಿಳಿದದ್ದು. ಕುಂಟುತ್ತ ಆಸ್ಪತ್ರೆಗೆ ಬಂದು ಮಂಚದ ಕಾಲಬದಿಯಲ್ಲಿ ನಿಂತರು. ಬ್ಯಾಂಡೇಜಿನ ಮೇಲಿಂದ ಕಣ್ಣು ತೆಗೆಯಲಿಲ್ಲ. ಅತ್ತೆಗೇ ಮುಜುಗರವಾಯಿತು. “ನೀವೆಂತ ಮಾಡ್ತೀರಿ? ನಿಮಗೂ ಹಾಗೇ ಅನ್ಸಿತ್ತಲ. ಕೂತ್ಕಳಿ, ಚಾ ಕುಡೀರಿ” ಎಂದಳು. ಅವರು ಕೂರಲಿಲ್ಲ. ಹೊರಗೆ ಬಂದ ಮೇಲೆ, “ಮಾತ್ರೆ ಬಿಡು ಅಂತ ನೀವು ಹೇಳಿಲ್ಲ ಮೈಕಣ್ಣ” ಎಂದು ನಾನು ಸಮಾಧಾನಕ್ಕೆ ಹೇಳಿದೆ.

“ಬಾಗಲಾ ತಗದವ ನಾನss ಅಲ್ಲೇನು” ಎಂದರು. ಸ್ವಲ್ಪ ದೂರ ನಡೆದ ಮೇಲೆ, “ನಾಳೆ ಒಂದು ಕಾಗದ ಬರದು ಕೊಡು. ಹೋಗಿ ಹೇಳಿ ಬರ್ತೀನಿ” ಎಂದರು.

ಮರುದಿನ ಅವರಿಗಿಂತ ಮೊದಲು ಅಕ್ಕ ಬಂದರು. ಹಾಸಿಗೆಯ ಚೈನಿನಲ್ಲಿ ಊರಿನ ಅರ್ಧ ಅಂಗಡಿಯವರು ಸೇರಿಕೊಂಡಿದ್ದರು, ಮೈಕಣ್ಣನಿಗೆ ಕೆಲಸ ಕೊಡುವವರೂ ಅವರೇ. “ತಂಗಿ, ನೀ ಬರದು ಕೊಡಬ್ಯಾಡ. ಕಾಗದ ಇಲ್ಲಂದ್ರ ಅವರು ಮೈಕ ಹಿಡಿಯೂದಿಲ್ಲ, ನಿನಗ ಗೊತ್ತೈತಿ. ಮಗಳ ಮದುವಿ ಗೊತ್ತಾಗೇತಿ. ಇರೂ ಒಂದು ಬಾಯಿನೂ ಕಳಕೊಂಡ್ರ ನಾವು ಹ್ಯಾಂಗ ಮಾಡೂದು?” ಎಂದು ಕೈ ಹಿಡಿದುಕೊಂಡರು. ಅಕ್ಕ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆಸ್ಪತ್ರೆಯಲ್ಲಿ ಅತ್ತೆಯ ಕಾಲು ನೋಡಿದವಳು ನಾನು, ಬರೆಯುತ್ತೇನೆ ಎಂದೆ. ಅಕ್ಕ ಕೈ ಬಿಟ್ಟು ಎದ್ದು ಹೋದರು.

ಬರೆದದ್ದನ್ನು ಮಾತ್ರ ಸ್ವಲ್ಪ ನಾಜೂಕಾಗಿ ಬರೆದೆ. ಇಂಥ ಉತ್ಪನ್ನಗಳ ಬಗ್ಗೆ ಸಾರ್ವಜನಿಕರು ಎಚ್ಚರಿಕೆ ವಹಿಸತಕ್ಕದ್ದು, ಇತ್ಯಾದಿ. ಮೈಕಣ್ಣ ಓದಿ ಕಾಗದ ವಾಪಸು ಮಾಡಿದರು.

“ಇದರಾಗ ನಾ ಎಲ್ಲದೇನಿ?”

ಕೊನೆಗೆ ಅವರು ಹೇಳುತ್ತ ಹೋದರು, ನಾನು ಬರೆದುಕೊಂಡೆ. ಆಯಸ್ಕಾಂತದ ಹಾಸಿಗೆಯಿಂದ ನನ್ನ ಕಾಲುನೋವು ಕಡಿಮೆಯಾಯಿತೆಂದು ಇದೇ ಬೀದಿಯಲ್ಲಿ ಹೇಳಿದವನು ನಾನು. ನೋವು ಮತ್ತೆ ಬಂದಿದೆ. ನಾನು ಹೇಳಿದ್ದು ತಪ್ಪು. ಆ ಮಾತು ನಂಬಿ ಮಾತ್ರೆ ಬಿಟ್ಟವರು ದಯವಿಟ್ಟು ಇವತ್ತೇ ಡಾಕ್ಟರ ಹತ್ತಿರ ಹೋಗಿ.

ಹೋದ ಸಲ ಯಾವ ಬೀದಿಗೆ ಯಾವ ಹೊತ್ತಿನಲ್ಲಿ ಹೋಗಿದ್ದರೋ ಅದೇ ಬೀದಿಗೆ ಅದೇ ಹೊತ್ತಿನಲ್ಲಿ ಹೋದರು. ಅಂದು ಕೇಳಿದ ಕಿವಿಗಳೇ ಇಂದೂ ಕೇಳಬೇಕಲ್ಲ. ದನಿ ಒಂದಿಷ್ಟೂ ತಗ್ಗಲಿಲ್ಲ. ಪತ್ರಿಕೆಗಳು ಮುಖಪುಟದಲ್ಲಿ ತಪ್ಪು ಮಾಡಿ ಒಳಪುಟದ ಮೂಲೆಯಲ್ಲಿ ವಿಷಾದಿಸುವುದನ್ನು ಆಮೇಲೆ ಎಷ್ಟೋ ಸಲ ನೋಡಿದ್ದೇನೆ, ಪ್ರತಿ ಸಲವೂ ಆ ಆಟೋ ನೆನಪಾಗುತ್ತದೆ.

ಯಲ್ಲಾಪುರದ ಅಂಗಡಿಯೊಂದಕ್ಕೆ ಹ್ಯಾಂಡ್‌ಬಿಲ್ಲಿನ ಕಟ್ಟು ಮುಟ್ಟಿಸಬೇಕಾಗಿತ್ತು, ಹಾಗಾಗಿ ಅಲ್ಲಿಗೆ ನಾನೂ ಅದೇ ಆಟೋದಲ್ಲಿ ಹೋಗಿದ್ದೆ. ಮಂಚಿಕೇರಿಯಲ್ಲಿ ಜನ ಸುಮ್ಮನೆ ಕೇಳಿದರು. ಯಲ್ಲಾಪುರದ ಪೇಟೆಯಲ್ಲಿ ನಾಲ್ಕಾರು ಜನ ಅಡ್ಡ ನಿಂತು ಆಟೋ ತಡೆದರು. ಕಂಪನಿಯವರಲ್ಲ, ಕಂಪನಿಯವರು ಆಗಲೇ ಬೇರೆ ಜಿಲ್ಲೆಗೆ ಹೋಗಿದ್ದರು. ಇವರು ಹಾಸಿಗೆ ಕೊಂಡು ಮೆಂಬರ್ ಆದವರು. ಅವರಲ್ಲೊಬ್ಬ ಕಿರಾಣಿ ಅಂಗಡಿಯವನು ಕಿಟಕಿಯೊಳಗೆ ತಲೆ ಹಾಕಿ, “ನೀ ಒಂದು ತಿಂಗಳು ಬಾಯಿ ಮುಚ್ಕಂಡಿದ್ರೆ ನಾವೂ ಯಾರಿಗಾದ್ರೂ ದಾಟಿಸ್ತಿದ್ವಲ್ಲ ಮಾರಾಯಾ!” ಎಂದ. ಅವನ ದನಿಯಲ್ಲಿ ಸಿಟ್ಟಿಗಿಂತ ಅಳುವೇ ಹೆಚ್ಚಿತ್ತು. ಇಂಥ ವ್ಯಾಪಾರದ ಒಳಗುಟ್ಟನ್ನು ಅಷ್ಟು ಚಿಕ್ಕದಾಗಿ ಹೇಳಿದವರನ್ನು ನಾನು ಮತ್ತೆ ಕಂಡಿಲ್ಲ. ಮೈಕಣ್ಣ ಅವನು ಮುಗಿಸುವವರೆಗೆ ಕಾದು, “ಸರೀರಿ ಸಾವಕಾರ್ರ, ಇನ್ನೂ ಎರಡು ಓಣಿ ಅದಾವು” ಎಂದರು.

ಅಕ್ಕ ಹೆದರಿದಂತೆಯೇ ಆಯಿತು. ಇವತ್ತು ನಮ್ಮ ಸೀರೆ ಚೆಂದ ಅಂದು ನಾಳೆ ಅಲ್ಲವೆಂದರೆ ಗತಿಯೇನು ಎಂದು ಅಂಗಡಿಯವರು ಹಿಂದೆ ಸರಿದರು. ಅವರ ಬದಲು ಹುಬ್ಬಳ್ಳಿಯ ಸ್ಟುಡಿಯೋಗಳಲ್ಲಿ ಧ್ವನಿ ಮುದ್ರಿಸಿ ತಂದ ಕ್ಯಾಸೆಟ್ಟುಗಳು ಹಾಡಿನ ನಡುವೆ ಕಿರುಚತೊಡಗಿದವು. ಮಗಳ ಮದುವೆ ನಿಂತುಹೋಗಿ, ಆಮೇಲೆ ಬೇರೆ ಕಡೆ ಸಣ್ಣದಾಗಿ ನಡೆಯಿತು. ಮೈಕಣ್ಣ ಒಂದು ಮರದ ಡಿಪೋದಲ್ಲಿ ಕಾವಲು ಕೆಲಸಕ್ಕೆ ಸೇರಿದರು. ನೀರಿನ ಸುದ್ದಿ, ಹಸುವಿನ ಸುದ್ದಿಗೆ ಮಾತ್ರ ಮೈಕು ಹಿಡಿಯುತ್ತಿದ್ದರು. ಅಕ್ಕ ನನ್ನೊಡನೆ ಮಾತು ಬಿಟ್ಟರು. ದಾರಿಯಲ್ಲಿ ಸಿಕ್ಕರೆ ಸೆರಗು ಸರಿಮಾಡಿಕೊಂಡು ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದರು.

ಒಮ್ಮೆ ಡಿಪೋದಲ್ಲಿ ಮೈಕಣ್ಣನನ್ನು ಕೇಳಿದೆ: “ನೀವು ಬಳಸಿ ನೋಡಿಯೇ ಹೇಳಿದ್ದಲ್ಲವಾ? ತಪ್ಪಿದ್ದೆಲ್ಲಿ?”

ಅವರು ಇದನ್ನು ಮೊದಲೇ ಯೋಚಿಸಿಟ್ಟಿದ್ದರು. “ನನಗ ಹಿತ ಆತು ಅನ್ನೂದು ನನ್ನ ಸುದ್ದಿ ತಂಗಿ. ಹಾಸಿಗಿ ಸುದ್ದಿ ಅಲ್ಲ ಅದು. ನಾ ಎರಡನ್ನೂ ಒಂದss ಅಂತ ತಿಳಕೊಂಡೆ.”

ಈಗ ನಾನು ಅಂತರ್ಜಾಲದಲ್ಲಿ ಬ್ಲಾಗ್ ಬರೆಯುತ್ತೇನೆ. ಬೊಜ್ಜು ಕರಗಿಸುವ ಚಹಾ, ಬುದ್ಧಿ ಚುರುಕಾಗಿಸುವ ಹಾಲಿನ ಪುಡಿ, ಮುಖ ಬೆಳ್ಳಗಾಗಿಸುವ ಮುಲಾಮು, ಇವುಗಳ ಜಾಹೀರಾತನ್ನು ಬಿಚ್ಚಿ ನೋಡುವುದು ನನ್ನ ಕಸುಬು. ಓದಿದವರು ಮೆಚ್ಚುವುದಕ್ಕಿಂತ ಬೈಯುವುದೇ ಹೆಚ್ಚು. ನಮಗೆ ಗುಣ ಆಗಿದೆ, ನಿಮಗೇನು ಗೊತ್ತು ಎಂದು ಬರೆಯುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ ಎಂದು ನನಗೆ ಗೊತ್ತು. ಅವರಿಗೆ ಕೊಡುವ ಉತ್ತರ ನನ್ನದಲ್ಲ, ಡಿಪೋದ ಮರದ ದಿಮ್ಮಿಯ ಮೇಲೆ ಕೂತು ಮೈಕಣ್ಣ ಕೊಟ್ಟದ್ದು. ನನ್ನ ಲೆಕ್ಕದಲ್ಲಿ ತಪ್ಪು ಸಿಕ್ಕಿದರೆ ತಿದ್ದುಪಡಿಯನ್ನು ಬರಹದ ನೆತ್ತಿಯ ಮೇಲೇ ಹಾಕುತ್ತೇನೆ. ಇಷ್ಟಕ್ಕೇ ಪ್ರಾಮಾಣಿಕಳು ಎಂಬ ಹೆಸರು ಬಂದಿದೆ, ಅದು ನನಗೆ ಕಳೆದುಕೊಳ್ಳುವಂಥದ್ದು ಏನೂ ಇಲ್ಲದ್ದರಿಂದ ಬಂದ ಅಗ್ಗದ ಹೆಸರು.

ಮೈಕಣ್ಣ ಕಳೆದ ವರ್ಷ ಮಳೆಗಾಲಕ್ಕೆ ಮೊದಲು ತೀರಿಕೊಂಡರು. ಎದೆನೋವು ಎಂದರಂತೆ, ಆಸ್ಪತ್ರೆ ಮುಟ್ಟುವುದರೊಳಗೆ ಮುಗಿದಿತ್ತು. ವಾರದೊಳಗೆ ನಾನು ಮನೆಗೆ ಹೋದೆ. ಅಕ್ಕ ಗೋಡೆಗೊರಗಿ ಕೂತಿದ್ದರು. ನನ್ನನ್ನು ನೋಡಿ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ನಾನು ಹೊಸ್ತಿಲ ಹತ್ತಿರ ಕೂತೆ.

ಆಗ ಯಾರೋ ಗುರುತಿಲ್ಲದ ಮುದುಕರು ಬಂದರು. ಮಂಚಿಕೇರಿಯವರಂತೆ, ಶಿರಸಿಯ ಪೇಟೆಗೆ ಬಂದಾಗ ಅಂಗಡಿಯಲ್ಲಿ ಸುದ್ದಿ ಕೇಳಿ ಮನೆ ಹುಡುಕಿಕೊಂಡು ಬಂದಿದ್ದರು. ಚಪ್ಪಲಿ ಬಿಟ್ಟು, ಎಲ್ಲಿ ಕೂರಬೇಕೆಂದು ತಿಳಿಯದೆ ನಿಂತೇ ಹೇಳಿದರು: “ನಾನು ಅವರ ಮುಖ ನೋಡಿದ್ದೇ ಇಲ್ಲ. ಹಾಸಿಗೆ ತಗಂಡು ಬಿಪಿ ಮಾತ್ರೆ ಬಿಟ್ಟಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ನಿಂತಾಗ ಅವರ ಆಟೋ ಬಂತು. ತಪ್ಪಾಯ್ತು ಅಂತ ಹೇಳ್ತಾ ಇದ್ರು. ಆವತ್ತೇ ಡಾಕ್ಟರ ಹತ್ರ ಹೋದೆ. ಇನ್ನು ಸ್ವಲ್ಪ ದಿನ ಬಿಟ್ಟಿದ್ರೆ ಕಷ್ಟ ಇತ್ತು ಅಂತ ಬೈದ್ರು. ಅದನ್ನ ಒಂದ್ಸಲ ಹೇಳಿ ಹೋಗೋಣ ಅಂತ ಬಂದೆ.”

ಒಬ್ಬರ ಅನುಭವದಿಂದ ಏನೂ ಸಾಬೀತಾಗುವುದಿಲ್ಲ ಎಂದು ಬ್ಲಾಗಿನಲ್ಲಿ ಎಷ್ಟೋ ಸಲ ಬರೆದವಳು ನಾನು. ಅಲ್ಲಿ ಕೂತಾಗ ಅದು ನೆನಪಿಗೂ ಬರಲಿಲ್ಲ.

ಅಕ್ಕ ಎದ್ದು, ಒಳಗಿದ್ದ ಮಗಳನ್ನೂ ಅಳಿಯನನ್ನೂ ಹೊರಗೆ ಕರೆದರು. ಮೂಲೆಯಲ್ಲಿದ್ದ ಕುರ್ಚಿಯನ್ನು ತಾವೇ ಎಳೆದು ಮುದುಕರ ಹತ್ತಿರ ಇಟ್ಟರು.

“ಕುಂದರ್ರಿ ಅಜ್ಜಾರ. ಇನ್ನೊಮ್ಮೆ ಹೇಳ್ರಿ” ಎಂದರು. “ಒಂಚೂರು ಜೋರಾಗಿ ಹೇಳ್ರಿ.”