ಕೊಪ್ಪರಿಗೆಯ ಮುಂದೆ ಚಾಚಿದ ಬಲಗೈ

ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸುಗಳ ಬೆನ್ನಿಗೆ ಮೆಥೊಡಿಸ್ಟ್ ಸಭೆಯವರ ಒಂದು ಚಿಕ್ಕ ಹೆಂಚಿನ ದೇವಾಲಯ. ಅದರ ಹಿತ್ತಲಲ್ಲಿ ಹುಣಸೆಮರ, ಮರದಡಿ ಮೂರು ಕಲ್ಲಿನ ಒಲೆ, ಪಕ್ಕದಲ್ಲಿ ಪಾತ್ರೆ ಕೋಣೆ. ಆ ಕೋಣೆಯ ಕೀಲಿ ಮೂವತ್ತು ವರ್ಷದಿಂದ ದ್ಯಾಮಮ್ಮನ ಸೊಂಟದಲ್ಲಿತ್ತು. ಮೂರು ನಾಲ್ಕು ವರ್ಷಕ್ಕೊಮ್ಮೆ ಪಾದ್ರಿಗಳನ್ನು ವರ್ಗ ಮಾಡುವುದು ಆ ಸಭೆಯ ಪದ್ಧತಿ. ಬಂದವರೆಲ್ಲ ಗಂಟುಮೂಟೆ ಕಟ್ಟಿ ಹೋದರು, ಕೀಲಿಗೆ ಮಾತ್ರ ವರ್ಗವಾಗಲಿಲ್ಲ.

ದ್ಯಾಮಮ್ಮ ಹೊಳಲೂರು ಕಡೆಯ ಹೆಣ್ಣು. ಗಂಡ ಹಿರಿಯಣ್ಣನಿಗೆ ಕಬ್ಬಿಣದ ಕಾರ್ಖಾನೆಯಲ್ಲಿ ಅಚ್ಚು ಹೊಯ್ಯುವ ಕೆಲಸ. ಎಪ್ಪತ್ತೊಂದರಲ್ಲಿ ಇಬ್ಬರೂ ಒಂದೇ ದಿನ ದೀಕ್ಷಾಸ್ನಾನ ಪಡೆದರು. ಅಂದಿನ ಪಾದ್ರಿಗಳು ಅವಳಿಗೆ ಮರಿಯಮ್ಮ ಎಂದು ಹೆಸರಿಡಲು ಹೊರಟಾಗ, ಹಡೆದವ್ವ ಇಟ್ಟ ಹೆಸರು ದೇವರಿಗೂ ಗೊತ್ತಿರುತ್ತದೆ ಎಂದು ಹೇಳಿ ದ್ಯಾಮಮ್ಮನಾಗಿಯೇ ಉಳಿದಳು. ಅಂಥ ಗಟ್ಟಿ ಹೆಂಗಸು.

ಕ್ರಿಸ್ಮಸ್ಸಿಗೆ, ಈಸ್ಟರಿಗೆ, ಸುಗ್ಗಿ ಹಬ್ಬಕ್ಕೆ ಇನ್ನೂರು ಎಲೆಯ ಊಟ ಅವಳದೇ. ಅನ್ನ ಬೆಂದಿತೋ ಇಲ್ಲವೋ ಎಂದು ಅವಳು ಅಗುಳು ಹಿಚುಕಿ ನೋಡಿದವಳಲ್ಲ. ಕೊಪ್ಪರಿಗೆಯ ಸದ್ದು ಕೇಳಿಯೇ ಹೇಳುವಳು. ಕೈ ಒಲೆಯ ಕಡೆ ಇದ್ದರೆ ಕಿವಿ ದೇವಾಲಯದ ಹಿಂದಿನ ಕಿಟಕಿಯ ಕಡೆ. ಒಳಗೆ ಹಾಡು ಎತ್ತಿದರೆ ಹಿತ್ತಲಿನಿಂದ ಅವಳೂ ಎತ್ತುವಳು, ಅರ್ಧ ಸಾಲು ಹಿಂದೆ. ಕೊನೆಯ ಚರಣ ಹಿತ್ತಲಿನಲ್ಲೂ ಮುಗಿದ ಮೇಲೆಯೇ ಪಾದ್ರಿಗಳು ಬಾಯಿ ತೆರೆಯುವುದು ಅಲ್ಲಿ ರೂಢಿಯಾಗಿ ಹೋಗಿತ್ತು.

ಎರಡು ಸಾವಿರದ ಒಂದರಲ್ಲಿ ಯೋಗರಾಜ್ ಎಂಬ ಹೊಸ ಪಾದ್ರಿ ಬಂದರು. ಎಳೆ ವಯಸ್ಸು, ಎಲ್ಲವನ್ನೂ ಪುಸ್ತಕ ತೆರೆದು ನೋಡುವ ಜಾತಿ. ಬರುವ ಈಸ್ಟರ್ ಕಳೆದ ಮೇಲೆ ಶಿವಮೊಗ್ಗದಲ್ಲಿ ಸ್ತ್ರೀ ಸಂಘಗಳ ದೊಡ್ಡ ಕೂಟ ನಡೆಯುವುದಿತ್ತು. ಪ್ರತಿ ಸಭೆಯಿಂದ ಇಬ್ಬರು ಪ್ರತಿನಿಧಿಗಳು ಹೋಗಬೇಕು. ಅದುವರೆಗೆ ಆ ಕೂಟಕ್ಕೆ ದ್ಯಾಮಮ್ಮನ ಚಕ್ಕುಲಿ ಡಬ್ಬಿ ಹೋಗಿತ್ತೇ ಹೊರತು ದ್ಯಾಮಮ್ಮ ಹೋಗಿರಲಿಲ್ಲ. ಈ ಸಲ ಸಂಘದ ಕಾರ್ಯದರ್ಶಿ, ಶಾಲೆಯ ಟೀಚರು ವಿಮಲಮ್ಮ, ಅವಳ ಹೆಸರನ್ನೇ ಸೂಚಿಸಿದರು. ದ್ಯಾಮಮ್ಮ ಅಂದೇ ಮನೆಗೆ ಹೋಗಿ ಟ್ರಂಕಿನಿಂದ ಬಿಳಿ ಸೀರೆ ತೆಗೆದು ಬಿಸಿಲಿಗೆ ಹಾಕಿದಳು.

ಪ್ರತಿನಿಧಿ ಪೂರ್ಣ ಸದಸ್ಯಳಾಗಿರಬೇಕು ಎಂಬುದು ನಿಯಮ. ಪಾದ್ರಿಗಳು ಸದಸ್ಯರ ಪುಸ್ತಕ ತೆರೆದರು. ಹಿರಿಯಣ್ಣ ಇದ್ದಾನೆ, ದ್ಯಾಮಮ್ಮ ಇಲ್ಲ. ಇರಲಿ ಎಂದು ಮರಿಯಮ್ಮನನ್ನೂ ಹುಡುಕಿದರು. ಅವಳೂ ಇಲ್ಲ.

ಕೆದಕಿದಾಗ ಗೊತ್ತಾಯಿತು. ದೀಕ್ಷಾಸ್ನಾನವಾದ ಮಾತ್ರಕ್ಕೆ ಅಲ್ಲಿ ಪೂರ್ಣ ಸದಸ್ಯರಾಗುವುದಿಲ್ಲ. ಪಾಠ ಕಲಿತು, ಒಂದು ಭಾನುವಾರ ಸಭೆಯ ಮುಂದೆ ನಿಂತು ಪ್ರತಿಜ್ಞೆ ಮಾಡಿ, ಪಾದ್ರಿಗಳ ಬಲಗೈ ಹಿಡಿಯಬೇಕು. ಆ ಭಾನುವಾರ ಹಿರಿಯಣ್ಣ ಕೈ ಹಿಡಿದ. ದ್ಯಾಮಮ್ಮ ಹಿತ್ತಲಲ್ಲಿದ್ದಳು, ಹೊಸ ಸದಸ್ಯರಿಗಾಗಿ ನಡೆಯುವ ಊಟಕ್ಕೆ ಸಾರು ಕುದಿಸುತ್ತ. ಮುಂದಿನ ವರ್ಷ ನೋಡೋಣ ಎಂದ ಪಾದ್ರಿಗಳು ಅಷ್ಟರಲ್ಲಿ ವರ್ಗವಾದರು. ಮುಂದಿನ ವರ್ಷವೂ ಹೊಸ ಸದಸ್ಯರು, ಮತ್ತೆ ಊಟ. ಆಮೇಲೆ ಬಂದ ಪಾದ್ರಿಗಳೆಲ್ಲ ಕೀಲಿ ಸಿಕ್ಕಿಸಿಕೊಂಡ ಈ ಹೆಂಗಸನ್ನು ಕಂಡು, ಸಭೆಯ ತಾಯಿಬೇರೇ ಇವಳು ಎಂದುಕೊಂಡರೇ ಹೊರತು ಯಾರೂ ಕೇಳಲಿಲ್ಲ. ಅವಳಿಗೂ ಹೊಳೆದಿರಲಿಲ್ಲ.

ಕೇಳಿದವರೆಲ್ಲ ನಕ್ಕರು. ಹಿರಿಯಣ್ಣನಂತೂ ಮನೆಯಲ್ಲಿ ಗೋಡೆಗೆ ಒರಗಿ ನಕ್ಕ. “ಹಂಗಾದ್ರೆ ಮೂವತ್ತು ವರ್ಷದಿಂದ ಮೆಂಬರ್ರು ನಾನೊಬ್ನೇ. ನೀನು ನಮ್ ಸಭೆಗೆ ಬಂದಿರೋ ನೆಂಟ್ರು ಕಣೆ ಮಾರಾಯ್ತಿ.”

ದ್ಯಾಮಮ್ಮ ನಗಲಿಲ್ಲ. ತಾನು ಗುಡಿಸಿದ ನೆಲ, ತಾನು ತಿಕ್ಕಿದ ಪಾತ್ರೆ, ತಾನು ಹಾಡಿದ ಹಾಡು. ಅಲ್ಲೆಲ್ಲೂ ತನ್ನ ಹೆಸರಿಲ್ಲವೆಂದರೆ ತಾನು ಯಾರ ಮನೆಯಲ್ಲಿ ದುಡಿದ ಹಾಗಾಯಿತು? ಮರುದಿನ ಬೆಳಿಗ್ಗೆಯೇ ಹೋಗಿ ಪಾದ್ರಿಗಳ ಮೇಜಿನ ಮೇಲೆ ಕೀಲಿ ಇಟ್ಟಳು.

“ಹೊರಗಿನೋರ ಸೊಂಟದಾಗೆ ದೇವ್ರ ಮನೆ ಕೀಲಿ ಇರಬಾರದು ಅಯ್ಯಾ.”

ಯೋಗರಾಜ್ ಕೀಲಿಯನ್ನು ಮುಟ್ಟಲಿಲ್ಲ. ಈಸ್ಟರ್ ಭಾನುವಾರ ಮೂವರು ಹುಡುಗಿಯರನ್ನು ಸೇರಿಸಿಕೊಳ್ಳಲಿಕ್ಕಿದೆ, ನಾಲ್ಕನೆಯವರು ನೀವು ಎಂದರು. ಪ್ರತಿಜ್ಞೆಯ ಉತ್ತರವನ್ನು ಬಾಯಿಪಾಠ ಮಾಡಿಸಲು ವಿಮಲಮ್ಮನಿಗೆ ವಹಿಸಿದರು. ಎರಡು ವಾರ ದ್ಯಾಮಮ್ಮ ನೀರು ಸೇದುವಾಗಲೂ ಸೊಪ್ಪು ಸೋಸುವಾಗಲೂ ಅದನ್ನೇ ಹೇಳಿಕೊಂಡಳು.

ಇನ್ನು ಊಟದ ಮಾತು. ಅವಳು ಒಳಗಿದ್ದರೆ ಒಲೆಯ ಮುಂದೆ ಯಾರು? ಹೆಂಗಸರೆಲ್ಲ ತಾವೂ ಒಳಗಿದ್ದು ನೋಡಲೇಬೇಕೆಂದು ಹಟ ಹಿಡಿದರು. ಆಗ ಎದೆ ಸೆಟೆಸಿ ಎದ್ದವನು ಮುರುಗೇಶಪ್ಪ. ಕಾರ್ಖಾನೆಯ ಕುಲುಮೆಯ ಮುಂದೆ ಇಪ್ಪತ್ತೆಂಟು ವರ್ಷ ನಿಂತು ನಿವೃತ್ತನಾದವನು. “ಕಬ್ಬಿಣ ನೀರು ಮಾಡ್ದೋನು ನಾನು. ಅಕ್ಕಿ ಬೇಯ್ಸೋದು ಯಾವ ಮಹಾ ಕೆಲಸ ಕಣಕ್ಕಾ? ನೀವು ನಿಶ್ಚಿಂತೆಯಿಂದ ಕೂತ್ಕೊಳ್ಳಿ.”

ಈಸ್ಟರ್ ಬಂತು. ದ್ಯಾಮಮ್ಮ ಬಿಳಿ ಸೀರೆಯುಟ್ಟು ಮೊದಲ ಬೆಂಚಿನಲ್ಲಿ ಕೂತಳು. ಮೂವತ್ತು ವರ್ಷದಲ್ಲಿ ಹಬ್ಬದ ದಿನ ಒಳಗೆ ಕೂತದ್ದು ಅದೇ ಮೊದಲು. ಒಳಗಿನಿಂದ ಹಾಡು ಎಷ್ಟು ದೊಡ್ಡದಾಗಿ ಕೇಳುತ್ತದೆ ಎಂದು ಅವಳಿಗೇ ಬೆರಗು. ಅರ್ಧ ಸಾಲು ಹಿಂದೆ ಹಾಡುವ ರೂಢಿ ಮಾತ್ರ ಬಿಡಲಿಲ್ಲ. ಪಕ್ಕದ ಹುಡುಗಿ ಮುಸಿಮುಸಿ ನಕ್ಕಳು.

ಹೆಸರು ಕರೆದರು. ನಾಲ್ವರೂ ಎದ್ದು ಮುಂದೆ ನಿಂತರು. ಹುಡುಗಿಯರ ಸರದಿ ಮುಗಿದು ಪಾದ್ರಿಗಳು ಅವಳ ಕಡೆ ತಿರುಗಿದರು. ಪ್ರಾರ್ಥನೆ, ಹಾಜರಿ, ಕಾಣಿಕೆ, ಸೇವೆ, ಈ ನಾಲ್ಕರಿಂದ ಸಭೆಯನ್ನು ಕಾಯುವಿರಾ ಎಂದು ಅವರು ಕೇಳುವುದಕ್ಕೂ ಹಿಂದಿನ ಕಿಟಕಿಯಿಂದ ಒಂದು ವಾಸನೆ ತೇಲಿ ಬರುವುದಕ್ಕೂ ಸರಿಹೋಯಿತು. ಇನ್ನೂರು ಜನರ ಅನ್ನ ತಳ ಹತ್ತುತ್ತಿತ್ತು.

ಉತ್ತರ ನಾಲಿಗೆಯ ತುದಿಯಲ್ಲಿತ್ತು. ಅದನ್ನು ಹೇಳಿ ಮುಗಿಸಿ, ಕೈ ಹಿಡಿದು, ಹಾಡು ಮುಗಿಯುವ ಹೊತ್ತಿಗೆ ಕೊಪ್ಪರಿಗೆ ಪೂರ್ತಿ ಕರಿಯಾಗುತ್ತದೆ. ಮಕ್ಕಳು ಬೆಳಗಿನಿಂದ ಹಸಿದಿವೆ. ದ್ಯಾಮಮ್ಮ ಪಾದ್ರಿಗಳ ಮುಖ ನೋಡಿದಳು, ಕಿಟಕಿ ನೋಡಿದಳು.

“ಅಯ್ಯಾ, ಅನ್ನ ಸೀಯ್ತಾ ಐತೆ,” ಎಂದವಳೇ ಸೆರಗು ಬಿಗಿದು ಪಕ್ಕದ ಬಾಗಿಲಿನಿಂದ ಓಡಿದಳು.

ಹಿತ್ತಲಲ್ಲಿ ಮುರುಗೇಶಪ್ಪ ಕುಲುಮೆಗೆ ಹಾಕುವಂತೆ ಸೌದೆ ತುಂಬಿ, ಬೆವರು ಒರೆಸುತ್ತ ನಿಂತಿದ್ದ. ಅವಳು ಅವನನ್ನು ಬದಿಗೆ ತಳ್ಳಿ ಕೊಳ್ಳಿಗಳನ್ನು ಎಳೆದು ಹಾಕಿದಳು. ತಳಕ್ಕೆ ಸೌಟು ಸೋಕಿಸದೆ ಮೇಲಿನ ಅನ್ನವನ್ನು ತೋಡಿ ತೋಡಿ ಬೇರೆ ಪಾತ್ರೆಗೆ ಸುರಿದಳು. ಮುಕ್ಕಾಲು ಪಾಲು ಉಳಿಯಿತು. ಆಗ ಅವಳಿಗೆ ಹೊಳೆಯಿತು: ಈ ವರ್ಷವೂ ಹೋಯಿತು.

ತಿರುಗಿ ನೋಡಿದರೆ ಪುಸ್ತಕ ಹಿಡಿದ ಯೋಗರಾಜ್. ಅವರ ಹಿಂದೆ ಹುಡುಗಿಯರು, ವಿಮಲಮ್ಮ, ಕೈಗೆ ಮಗು ಎತ್ತಿಕೊಂಡವರು, ಕೋಲೂರಿಕೊಂಡವರು, ಇಡೀ ಸಭೆ ಹುಣಸೆಮರದ ಕೆಳಗೆ. ಹಾರ್ಮೋನಿಯಂ ಹೊತ್ತವನು ಹಿರಿಯಣ್ಣ. ಅವನು ಈಗ ನಗುತ್ತಿರಲಿಲ್ಲ.

“ನಾನು ಕೇಳಿದ್ದಕ್ಕೆ ನೀವಿನ್ನೂ ಉತ್ತರ ಹೇಳ್ಲಿಲ್ಲ ದ್ಯಾಮಮ್ಮನೋರೆ,” ಎಂದ ಪಾದ್ರಿಗಳು ಪ್ರಶ್ನೆಯನ್ನು ಮೊದಲಿನಿಂದ ಓದಿದರು.

“ದೇವರ ಸಹಾಯದಿಂದ ಹಾಗೆಯೇ ಮಾಡುತ್ತೇನೆ,” ಎಂದಳು ದ್ಯಾಮಮ್ಮ, ಎಡಗೈಯಲ್ಲಿ ಸೌಟು ಹಿಡಿದು, ಒಂದಕ್ಷರ ತಪ್ಪದೆ. ಬಲಗೈ ತುಂಬ ಮಸಿ, ಅನ್ನದ ಅಗುಳು. ಒರೆಸಿಕೊಳ್ಳಲು ಸೆರಗು ಹುಡುಕುವಷ್ಟರಲ್ಲಿ ಪಾದ್ರಿಗಳು ಆ ಕೈಯನ್ನು ಇದ್ದ ಹಾಗೆಯೇ ಹಿಡಿದುಕೊಂಡರು. ಸಭೆ ಹಾಡು ಎತ್ತಿತು. ಅಂದು ಅವಳಿಗಾಗಿ ಯಾರೂ ಕಾಯಬೇಕಾಗಲಿಲ್ಲ, ಎಲ್ಲರೂ ಅರ್ಧ ಸಾಲು ಹಿಂದೆಯೇ ಹಾಡಿದರು.

ಸೀದ ವಾಸನೆಯ ಅನ್ನವನ್ನು ಇನ್ನೂರು ಜನ ಬೆರಳು ನೆಕ್ಕಿ ಉಂಡರು. ಮುರುಗೇಶಪ್ಪ ಸಂಜೆವರೆಗೆ ತಳ ಕೆರೆದ. ಕಬ್ಬಿಣವೇ ವಾಸಿ ಎಂದು ಗೊಣಗಿದ. ಕೀಲಿ ಸೊಂಟಕ್ಕೆ ಮರಳಿತು.

ಎರಡು ವಾರದ ಮೇಲೆ ಶಿವಮೊಗ್ಗದ ಕೂಟದಲ್ಲಿ ಪ್ರತಿನಿಧಿಗಳ ಹೆಸರು ಓದಿದರು. ಹೆಸರು ಬಂದವರು ಎದ್ದು ಕೈಮುಗಿದು ಕೂರುತ್ತಿದ್ದರು. ದ್ಯಾಮಮ್ಮ ಎದ್ದವಳು ಕೂರಲೇ ಇಲ್ಲ. ಪಕ್ಕದಲ್ಲಿದ್ದ ವಿಮಲಮ್ಮ ಸೆರಗು ಜಗ್ಗಿದರು.

“ಇರ್ಲಿ ಬಿಡಿ ಟೀಚರ್,” ಎಂದಳು ದ್ಯಾಮಮ್ಮ. “ಇನ್ನೊಂದು ಗಳಿಗೆ ನಿಂತಿರ್ತೀನಿ.”